ಕೂಲಿಂಗ್ ಪ್ಯಾಡ್: ಡಿಗ್ರಿಯೊಂದೇ ಅಳತೆಗೋಲಲ್ಲ

ಸಂಪಾದಕರಿಗೆ,

ಮಾನ್ಯರೇ,

ಗೇಮಿಂಗ್ ಲ್ಯಾಪ್‌ಟಾಪ್‌ಗಳು ವಿಪರೀತ ಬಿಸಿಯಾಗುವುದರ ಕುರಿತು ತಂತ್ರಜ್ಞಾನದ ಅಂಕಣಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಒಂದೇ ಸಲಹೆಯಲ್ಲಿ ಮುಗಿಯುತ್ತವೆ: ಕೂಲಿಂಗ್ ಪ್ಯಾಡ್ (ಲ್ಯಾಪ್‌ಟಾಪ್‌ನ ಕೆಳಗಿಡುವ, ಫ್ಯಾನ್‌ಗಳಿರುವ ಆಸರೆ) ಕೊಳ್ಳಿ, ಹತ್ತು ಹದಿನೈದು ಡಿಗ್ರಿ ಇಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪ್ಯಾಡ್‌ಗಳೆಲ್ಲ ದುಡ್ಡಿಗೆ ದಂಡ ಎನ್ನುವವರೂ ಅಷ್ಟೇ ಸಂಖ್ಯೆಯಲ್ಲಿದ್ದಾರೆ. ಈ ಎರಡೂ ಮಾತುಗಳು ಓದುಗರ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ಯಾಡ್ ಉಪಯೋಗಕ್ಕೆ ಬರುವುದೋ ಇಲ್ಲವೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಅದರ ಮೇಲೆ ಕೂರುವ ಯಂತ್ರದ ತಳ. ಉಪಯೋಗವಾಯಿತೇ ಎಂದು ತಿಳಿಯಲು ತಾಪಮಾನದ ಅಂಕಿಯೊಂದನ್ನೇ ನೋಡಿದರೆ ಸಾಲದು.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳಲ್ಲಿ ಹುಟ್ಟುವ ಶಾಖವು ಥರ್ಮಲ್ ಪೇಸ್ಟ್ ಎಂಬ ಶಾಖವಾಹಕ ಲೇಪದ ತೆಳು ಪದರವನ್ನು ದಾಟಿ ತಾಮ್ರದ ತಟ್ಟೆಗೂ, ಅಲ್ಲಿಂದ ಶಾಖ ಸಾಗಿಸುವ ಹೀಟ್ ಪೈಪ್‌ಗಳ ಮೂಲಕ ಅಂಚಿನಲ್ಲಿರುವ ಲೋಹದ ಫಿನ್‌ಗಳಿಗೂ (ಒತ್ತೊತ್ತಾದ ತೆಳು ಹಾಳೆಗಳಿಗೂ) ತಲುಪುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಫ್ಯಾನ್‌ಗಳು ತಳದ ಜಾಲರಿಯಿಂದ ಗಾಳಿಯನ್ನು ಎಳೆದುಕೊಂಡು, ಫಿನ್‌ಗಳ ನಡುವೆ ನುಗ್ಗಿಸಿ, ಹಿಂಬದಿಯಿಂದಲೋ ಪಕ್ಕದಿಂದಲೋ ಹೊರದಬ್ಬುತ್ತವೆ. ಇಷ್ಟು ಉದ್ದದ ಈ ಹಾದಿಯಲ್ಲಿ ಪ್ಯಾಡ್ ಮುಖ್ಯವಾಗಿ ಬದಲಿಸಬಲ್ಲದ್ದು ಒಳಹೋಗುವ ಗಾಳಿಯ ಪ್ರಮಾಣವನ್ನು ಮಾತ್ರ. ಪೇಸ್ಟ್ ಒಣಗಿ ಬಿರುಕುಬಿಟ್ಟಿದ್ದರೆ ಅಥವಾ ಫಿನ್‌ಗಳ ಸಂದಿನಲ್ಲಿ ದೂಳು ಹತ್ತಿಯಂತೆ ಕಟ್ಟಿಕೊಂಡಿದ್ದರೆ, ಹೊರಗಿನಿಂದ ಎಷ್ಟು ಊದಿದರೂ ಆ ಅಡ್ಡಿ ಅಲ್ಲೇ ಉಳಿಯುತ್ತದೆ. ಜೊತೆಗೆ, ಪ್ಯಾಡ್‌ನ ಫ್ಯಾನ್ ಊದುವುದು ಕೋಣೆಯ ಗಾಳಿಯನ್ನೇ. ಕೋಣೆ 35 ಡಿಗ್ರಿಯಲ್ಲಿದ್ದರೆ ಒಳಸೇರುವ ಗಾಳಿಯೂ 35 ಡಿಗ್ರಿಯದೇ ಆಗಿರುತ್ತದೆ.

ಸಾಮಾನ್ಯ ಪ್ಯಾಡ್‌ಗಳ ವಿಷಯದಲ್ಲಿ ನಾನು ಹೇಳಬೇಕಾದ ಮೊದಲ ಮಾತೆಂದರೆ, ಅವುಗಳಿಂದ ಸಿಗುವ ಲಾಭದಲ್ಲಿ ದೊಡ್ಡ ಪಾಲು ಫ್ಯಾನ್‌ನದ್ದಲ್ಲ, ಎತ್ತರದ್ದು. ಲ್ಯಾಪ್‌ಟಾಪ್‌ನ ರಬ್ಬರ್ ಕಾಲುಗಳು ಕೆಲವೇ ಮಿಲಿಮೀಟರ್ ಎತ್ತರ ಇರುವುದರಿಂದ ತಳಕ್ಕೂ ಮೇಜಿಗೂ ನಡುವಿನ ಕಿರಿದಾದ ಸಂದಿಯಲ್ಲಿ ಗಾಳಿ ತಿಣುಕುತ್ತದೆ. ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತಿದರೆ ಸಾಕು, ಫ್ಯಾನ್‌ಗಳು ಸರಾಗವಾಗಿ ಉಸಿರಾಡುತ್ತವೆ, ಹೊರಬಂದ ಬಿಸಿಗಾಳಿ ಮತ್ತೆ ಒಳಸೇರುವುದೂ ಕಡಿಮೆಯಾಗುತ್ತದೆ. ಪ್ಯಾಡ್ ಇರುವವರು ಒಮ್ಮೆ ಅದರ ಫ್ಯಾನ್‌ಗಳನ್ನು ನಿಲ್ಲಿಸಿ, ಬರೀ ಆಸರೆಯಾಗಿ ಬಳಸಿ ಅಳೆದು ನೋಡಲಿ. ಎಷ್ಟೋ ಯಂತ್ರಗಳಲ್ಲಿ ಫ್ಯಾನ್ ಇದ್ದಾಗಿನ ಅಂಕಿಗೂ ಇಲ್ಲದಾಗಿನ ಅಂಕಿಗೂ ಎರಡು ಮೂರು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಸಿಗುವುದಿಲ್ಲ.

ಇದಕ್ಕೆ ಕಾರಣ ಸರಳ. ಇಂಥ ಪ್ಯಾಡ್‌ಗಳು ಸಾಮಾನ್ಯವಾಗಿ ಲ್ಯಾಪ್‌ಟಾಪ್‌ನ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ ಪಡೆಯುತ್ತವೆ. ಯುಎಸ್‌ಬಿ 2.0 ಕಿಂಡಿಯೊಂದು ಪ್ರಮಾಣಿತವಾಗಿ ಕೊಡುವುದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವಾಟ್. ಅಷ್ಟರಲ್ಲಿ ತಿರುಗುವ ಅಗಲವಾದ ಫ್ಯಾನ್‌ಗಳು ಬಯಲಿನಲ್ಲಿ ಗಾಳಿ ಬೀಸಬಲ್ಲವೇ ಹೊರತು, ಕಿರಿದಾದ ಜಾಲರಿಯ ಮೂಲಕ ಅದನ್ನು ಒಳನುಗ್ಗಿಸುವಷ್ಟು ಒತ್ತಡವನ್ನು ಹುಟ್ಟಿಸಲಾರವು. ಜಾಲರಿಗೆ ಬಡಿದ ಗಾಳಿ ಪಕ್ಕಕ್ಕೆ ಹರಡಿಹೋಗುತ್ತದೆ. ಪ್ಯಾಡ್‌ನ ಫ್ಯಾನ್ ಇರುವ ಜಾಗಕ್ಕೂ ಲ್ಯಾಪ್‌ಟಾಪ್‌ನ ಜಾಲರಿ ಇರುವ ಜಾಗಕ್ಕೂ ಹೊಂದಿಕೆಯಿಲ್ಲದಿದ್ದರಂತೂ ಅದು ಬೋಳು ಪ್ಲಾಸ್ಟಿಕ್‌ಗೆ ಗಾಳಿ ಹಾಕುತ್ತಾ ಕೂರುತ್ತದೆ. ತಳದಲ್ಲಿ ಜಾಲರಿಯೇ ಇಲ್ಲದೆ ಕೀಬೋರ್ಡ್‌ನ ಕಡೆಯಿಂದ ಗಾಳಿ ಎಳೆಯುವ ಮಾದರಿಗಳಿಗೆ ಇಂಥ ಪ್ಯಾಡ್‌ನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಅಂಚಿನ ಸುತ್ತ ಸ್ಪಂಜಿನ ಪಟ್ಟಿಯಿದ್ದು, ಒಳಗೆ ಬ್ಲೋವರ್ (ಒತ್ತಡದಿಂದ ಗಾಳಿ ಊದುವ ಫ್ಯಾನ್) ಇರುವ ಪ್ಯಾಡ್‌ಗಳ ಕಥೆ ಬೇರೆ. ಲ್ಯಾಪ್‌ಟಾಪ್‌ನ ತಳವು ಸ್ಪಂಜಿನ ಮೇಲೆ ಒತ್ತಿ ಕೂತಾಗ ಗಾಳಿ ಪಕ್ಕಕ್ಕೆ ಸೋರಲು ಆಸ್ಪದವಿರುವುದಿಲ್ಲ. ಒತ್ತಡ ಹೆಚ್ಚಿ ಅದು ಜಾಲರಿಯೊಳಗೇ ಹೋಗಬೇಕಾಗುತ್ತದೆ. ತಳದಿಂದ ಗಾಳಿ ಎಳೆಯುವ ಶಕ್ತಿಶಾಲಿ ಲ್ಯಾಪ್‌ಟಾಪ್‌ಗಳಲ್ಲಿ ಹತ್ತು ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಇಳಿಯುವುದು ಇಂಥವುಗಳಿಂದ ನಿಜವಾಗಿಯೂ ಸಾಧ್ಯ. ಆದರೆ ಇವು ವೇಗವಾಗಿ ತಿರುಗಿದಾಗ ಮಾಡುವ ಸದ್ದು ಒಂದೇ ಕೋಣೆಯಲ್ಲಿ ಓದುವವರಿಗೂ ಮಲಗುವವರಿಗೂ ಸಹಿಸಲಾಗದಷ್ಟಿರುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಶೋಧಕ ಜಾಲರಿ ಇಲ್ಲದಿದ್ದರೆ ಅವು ಗಾಳಿಯಷ್ಟೇ ರಭಸದಿಂದ ದೂಳನ್ನೂ ಒಳತುಂಬುತ್ತವೆ. ಬಿಸಿಗಾಳಿ ಹೊರಬರುವ ಕಿಂಡಿಗಳನ್ನು ಸ್ಪಂಜು ಮುಚ್ಚಿಬಿಟ್ಟರೆ ಪರಿಣಾಮ ತಿರುಗುಮುರುಗಾಗುತ್ತದೆ.

ಇನ್ನು ಅಳತೆಯ ವಿಚಾರ. ನನಗೆ ಅತ್ಯಂತ ಮುಖ್ಯವೆನಿಸುವುದೂ, ಪತ್ರಿಕೆಗಳು ಅತ್ಯಂತ ಕಡಿಮೆ ಬರೆಯುವುದೂ ಇದರ ಬಗ್ಗೆಯೇ. ಇಂದಿನ ಪ್ರೊಸೆಸರ್‌ಗಳು ತಾಪಮಾನದ ಮಿತಿ ಅಥವಾ ವಿದ್ಯುತ್ತಿನ ಮಿತಿ, ಇವೆರಡರಲ್ಲಿ ಒಂದು ಎದುರಾಗುವವರೆಗೂ ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. ಇಂಟೆಲ್‌ನ ಹಲವು ಗೇಮಿಂಗ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಆ ತಾಪಮಾನದ ಮಿತಿ 100 ಡಿಗ್ರಿ ಸೆಲ್ಸಿಯಸ್. ಯಂತ್ರವೊಂದು ಮೇಜಿನ ಮೇಲೆ 95 ಡಿಗ್ರಿಯಲ್ಲಿ 60 ವಾಟ್ ಬಳಸುತ್ತಿದೆ, ಪ್ಯಾಡ್ ಇಟ್ಟ ಮೇಲೆ ಅದೇ 95 ಡಿಗ್ರಿಯಲ್ಲಿ 75 ವಾಟ್ ಬಳಸತೊಡಗಿದೆ ಎಂದುಕೊಳ್ಳೋಣ. ತಾಪಮಾನವನ್ನಷ್ಟೇ ನೋಡಿದವರು ಪ್ಯಾಡ್ ನಿಷ್ಪ್ರಯೋಜಕವೆಂದು ಮೂಲೆಗೆ ಎಸೆಯುತ್ತಾರೆ. ವಾಸ್ತವದಲ್ಲಿ ತಂಪಿನ ಲಾಭವನ್ನೆಲ್ಲ ಪ್ರೊಸೆಸರ್ ವೇಗವಾಗಿ ಪರಿವರ್ತಿಸಿಕೊಂಡಿರುತ್ತದೆ. ಗ್ರಾಫಿಕ್ಸ್ ಚಿಪ್‌ನಲ್ಲಿ ಇದರ ವಿರುದ್ಧ ದಿಕ್ಕಿನ ತಪ್ಪು ನಡೆಯುತ್ತದೆ. ಅದು ಮೊದಲೇ 75 ಡಿಗ್ರಿಯಲ್ಲಿ, ತನಗೆ ತಯಾರಕರು ನಿಗದಿಪಡಿಸಿದ ವಾಟ್‌ಗಳ ಮಿತಿಗೆ ತಾಗಿ ನಿಂತಿದ್ದರೆ, ಪ್ಯಾಡ್‌ನಿಂದ ಎಂಟು ಡಿಗ್ರಿ ಇಳಿದರೂ ಆಟದ ಫ್ರೇಮ್‌ಗಳು (ಸೆಕೆಂಡಿಗೆ ಮೂಡುವ ಚಿತ್ರಗಳು) ಹೆಚ್ಚುವುದಿಲ್ಲವೆಂದೇ ಹೇಳಬಹುದು. ಹಾಗೆಂದು ಆ ಎಂಟು ಡಿಗ್ರಿ ವ್ಯರ್ಥವಲ್ಲ: ಒಳಫ್ಯಾನ್‌ಗಳ ಸದ್ದು ತಗ್ಗುತ್ತದೆ, ಬೆರಳಿಗೆ ತಾಗುವ ಕೀಬೋರ್ಡ್ ತಂಪಾಗುತ್ತದೆ, ಅಂಗೈ ಇಡುವ ಜಾಗದ ಕೆಳಗಿರುವ ಲಿಥಿಯಂ ಅಯಾನ್ ಬ್ಯಾಟರಿಯೂ ಬೇಗ ಸವೆಯದೆ ಉಳಿಯಲು ನೆರವಾಗುತ್ತದೆ.

ಆದ್ದರಿಂದ ಹೋಲಿಸುವವರು ಒಂದೇ ಆಟದ ಒಂದೇ ದೃಶ್ಯವನ್ನು, ಒಳಫ್ಯಾನ್‌ಗಳ ವೇಗವನ್ನು ಒಂದೇ ಮಟ್ಟದಲ್ಲಿ ಕಟ್ಟಿಹಾಕಿ, ಲೋಹವೆಲ್ಲ ಪೂರ್ತಿ ಕಾಯುವಂತೆ ಕನಿಷ್ಠ ಅರ್ಧ ಗಂಟೆ ಓಡಿಸಿ, ತಾಪಮಾನದ ಜೊತೆಗೆ ವಾಟ್ ಮತ್ತು ಚಿಪ್‌ನ ವೇಗವನ್ನೂ (ಕ್ಲಾಕ್ ಸ್ಪೀಡ್) ಬರೆದುಕೊಳ್ಳಬೇಕು. ಕೋಣೆಯ ತಾಪಮಾನವನ್ನು ಗುರುತಿಸದ ಅಳತೆಗೆ ಬೆಲೆಯಿಲ್ಲ, ಏಕೆಂದರೆ ಕೋಣೆ ಮೂರು ಡಿಗ್ರಿ ಏರಿದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಖರ್ಚಿಲ್ಲದ ಉಪಾಯಗಳನ್ನು ಮೊದಲು ಮಾಡಿ ಮುಗಿಸಬೇಕೆಂಬುದನ್ನೂ ಒತ್ತಿ ಹೇಳಬಯಸುತ್ತೇನೆ. ಚಿಪ್‌ನ ವಿದ್ಯುತ್ ಬಳಕೆಯು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜ್‌ನ ವರ್ಗಕ್ಕೆ (ವೋಲ್ಟೇಜ್ ಅನ್ನು ಅದರಿಂದಲೇ ಗುಣಿಸಿದ ಗುಣಲಬ್ಧಕ್ಕೆ) ಅನುಗುಣವಾಗಿಯೂ ಏರುವುದರಿಂದ, ಟರ್ಬೊ ವೇಗವನ್ನು (ಪ್ರೊಸೆಸರ್ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗವನ್ನು) ತುಸು ತಗ್ಗಿಸಿದರೂ ಶಾಖ ಗಣನೀಯವಾಗಿ ಇಳಿಯುತ್ತದೆ. ಸೆಕೆಂಡಿಗೆ 144 ಚಿತ್ರಗಳನ್ನಷ್ಟೇ ತೋರಬಲ್ಲ 144 ಹರ್ಟ್ಸ್‌ನ ಪರದೆಯಿರುವಾಗ ಸೆಕೆಂಡಿಗೆ 200 ಫ್ರೇಮ್‌ಗಳನ್ನು ಹುಟ್ಟಿಸುವುದರಿಂದ ಬಹುಮಟ್ಟಿಗೆ ಬಿಸಿಯೇ ಹೆಚ್ಚುತ್ತದೆ. ಫ್ರೇಮ್‌ಗೆ ಮಿತಿ ಹಾಕಿದರೆ ಆಗುವ ಲಾಭ ಎಷ್ಟೋ ಪ್ಯಾಡ್‌ಗಳ ಲಾಭವನ್ನು ಮೀರಿಸುತ್ತದೆ. ವೋಲ್ಟೇಜ್ ತಗ್ಗಿಸುವ ದಾರಿಯೂ ಒಳ್ಳೆಯದೇ, ಆದರೆ ವೋಲ್ಟೇಜ್ ತಗ್ಗಿಸುವ ಸೌಲಭ್ಯವನ್ನೇ ದುರ್ಬಳಕೆ ಮಾಡಿಕೊಳ್ಳಬಹುದಾದ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ 2019ರಲ್ಲಿ ಬಯಲಾದ ಬಳಿಕ ಇಂಟೆಲ್ ಪ್ರೊಸೆಸರ್ ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಬಾಗಿಲು ಮುಚ್ಚಿದೆ. ಹಾಸಿಗೆ, ದಿಂಬಿನ ಮೇಲಿಟ್ಟು ಆಡುವವರಿಗೆ ಗಟ್ಟಿ ಹಲಗೆಯೊಂದೇ ದೊಡ್ಡ ಪರಿಹಾರ.

ಪ್ಯಾಡ್‌ಗಳನ್ನು ಹೆಚ್ಚಾಗಿ ಕೊಳ್ಳುವವರು ವಿದ್ಯಾರ್ಥಿಗಳು, ಯುವಜನರು. ಅವರ ಕೈಯಲ್ಲಿರುವ ಹಣ ಮಿತವಾದದ್ದು. ತಮ್ಮ ಪತ್ರಿಕೆಯು ಇಂಥ ಸಾಧನಗಳ ವಿಮರ್ಶೆಯನ್ನು ಪ್ರಕಟಿಸುವಾಗ ಲ್ಯಾಪ್‌ಟಾಪ್‌ನ ಮಾದರಿ, ಅದು ಎಲ್ಲಿಂದ ಗಾಳಿ ಎಳೆಯುತ್ತದೆ ಎಂಬುದು, ಕೋಣೆಯ ತಾಪಮಾನ, ಬಳಕೆಯಾದ ವಾಟ್, ಸದ್ದಿನ ಮಟ್ಟ, ಮತ್ತು ಹಿಂಬದಿಯನ್ನು ಬರಿದೆ ಎತ್ತಿಟ್ಟಾಗ ಸಿಕ್ಕ ಅಂಕಿ, ಇಷ್ಟನ್ನೂ ವಿಮರ್ಶಕರಿಂದ ಕೇಳಿ ಪಡೆದು ಮುದ್ರಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ