ಒಂದು ಅಂಗಿ, ಎರಡು ಮೇಳ: ನಾಟಕದ ಕುರಿತು ಪೋಷಕರಿಗೆ ಪತ್ರ

ಮುದಗಲ್ಲ, ರಾಯಚೂರು ಜಿಲ್ಲೆ

ಮಾನ್ಯ ಪೋಷಕರೇ, ನಮಸ್ಕಾರ.

ವಾರ್ಷಿಕೋತ್ಸವಕ್ಕೆ ಒಂಬತ್ತನೆಯ ತರಗತಿಯ ಮಕ್ಕಳು ಯೋಸೇಫನ ಕಥೆಯನ್ನು ನಾಟಕವಾಗಿ ಆಡಲಿದ್ದಾರೆ. ಬೈಬಲಿನ ಆದಿಕಾಂಡದ ಈ ಯೋಸೇಫನೇ ಕುರ್‌ಆನ್‌ನ 12ನೆಯ ಅಧ್ಯಾಯದ ಯೂಸುಫ್. ಕಳೆದ ವಾರ ಇಬ್ಬರು ತಂದೆಯರು ಕಚೇರಿಗೆ ಬಂದು, "ಪ್ರವಾದಿಯ ವೇಷವನ್ನು ಮಕ್ಕಳಿಗೆ ಹಾಕಿಸುತ್ತೀರಾ?" ಎಂದು ಕೇಳಿದರು. ಇಸ್ಲಾಂನಲ್ಲಿ ಯೂಸುಫರು ಪ್ರವಾದಿ; ಪ್ರವಾದಿಗಳ ವೇಷ ಹಾಕುವುದನ್ನು ಅನೇಕ ಮುಸ್ಲಿಮರು ಒಪ್ಪುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಎಲ್ಲರಿಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಹಾಕಿಸುವುದಿಲ್ಲ. ಯೂಸುಫರಾಗಲಿ ಅವರ ತಂದೆ ಯಾಕೂಬರಾಗಲಿ ರಂಗದ ಮೇಲೆ ಬರುವುದಿಲ್ಲ. ಬರುವವರು ಹೊಟ್ಟೆಕಿಚ್ಚಿನ ಅಣ್ಣಂದಿರು, ದಾರಿಹೋಕ ವ್ಯಾಪಾರಿಗಳು, ಬಾವಿಗೆ ಕೊಡ ಇಳಿಬಿಡುವ ನೀರಿನವನು. ಯೂಸುಫರ ಬದಲು ಒಂದು ಬಿಳಿ ಅಂಗಿ ಇರುತ್ತದೆ, ಅಷ್ಟೇ. ಕಥೆಯನ್ನು ಎರಡು ಮೇಳಗಳು ಹಾಡಿ ಹೇಳುತ್ತವೆ: ಒಂದು ಬೈಬಲಿನಲ್ಲಿರುವಂತೆ, ಇನ್ನೊಂದು ಕುರ್‌ಆನ್‌ನಲ್ಲಿರುವಂತೆ. ಮೊಹರಂನಲ್ಲಿ ಎಲ್ಲ ಜಾತಿಯವರೂ ರಿವಾಯತ್ ಪದ (ಕರ್ಬಲಾದ ಕಥೆ ಹೇಳುವ ಮೇಳದ ಹಾಡು) ಹಾಡುವ ಊರಿನ ಮಕ್ಕಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಲಿಲ್ಲ. ಅರಬ್ಬಿ ವಚನಗಳನ್ನು ಧಾಟಿಗೆ ಕೂಡಿಸಿಲ್ಲ. ಹಾಡುವುದೆಲ್ಲ ನಾವೇ ಕಟ್ಟಿಕೊಂಡ ಕನ್ನಡ ಪದಗಳು.

ಎರಡೂ ಕಥೆ ಒಂದೇ ಎಂದು ಕಲಸಿಬಿಡುವುದು ನನಗೆ ಬೇಡ. ತಮ್ಮನನ್ನು ಬಾವಿಗೆ ತಳ್ಳಿದ ಅಣ್ಣಂದಿರು ರಕ್ತ ಹಚ್ಚಿದ ಅವನ ಅಂಗಿಯನ್ನು ತೋರಿಸಿದಾಗ ಬೈಬಲಿನ ತಂದೆ ಮಗ ಸತ್ತನೆಂದೇ ನಂಬಿ ಗೋಣಿತಟ್ಟು ಉಟ್ಟು ಗೋಳಾಡುತ್ತಾನೆ. ಕುರ್‌ಆನ್‌ನ ತಂದೆ ತಮ್ಮನನ್ನು ತೋಳ ತಿಂದಿತೆಂಬ ಅಣ್ಣಂದಿರ ಮಾತನ್ನು ನಂಬುವುದಿಲ್ಲ. ಇದು ನೀವು ಕಟ್ಟಿದ ಕಥೆ, ನನಗಿನ್ನು ಸಹನೆಯೇ ಗತಿ ಎನ್ನುತ್ತಾರೆ. ಕೊನೆಗೆ ಬೈಬಲಿನಲ್ಲಿ, ಬದುಕಿರುವ ಮಗ ಈಜಿಪ್ಟಿನಿಂದ ಕಳಿಸಿದ ಬಂಡಿಗಳನ್ನು ಕಂಡಾಗ ಮುದುಕನಿಗೆ ಜೀವ ಬರುತ್ತದೆ. ಕುರ್‌ಆನ್‌ನಲ್ಲಿ, ಮಗನ ಅಂಗಿಯನ್ನು ಮುಖದ ಮೇಲೆ ಹಾಕಿದಾಗ ಅತ್ತು ಅತ್ತು ಹೋಗಿದ್ದ ಕಣ್ಣು ಮರಳುತ್ತದೆ. ಈ ವ್ಯತ್ಯಾಸಗಳನ್ನು ಮಕ್ಕಳು ಬಾಯಿಪಾಠ ಮಾಡಿಲ್ಲ, ಹಾಡಿ ಹಾಡಿ ತಿಳಿದುಕೊಂಡಿದ್ದಾರೆ.

ಬುಧವಾರ ತಾಲೀಮಿನಲ್ಲಿ ಅಣ್ಣನ ಪಾತ್ರದ ಹುಡುಗನೊಬ್ಬ ಕುಂಕುಮದ ನೀರಿನಲ್ಲಿ ಅದ್ದಿದ ಅಂಗಿಯನ್ನು ಬಿಡಿಸಿ ಹಿಡಿದ. ಮೇಳದಲ್ಲಿದ್ದ ಹುಡುಗಿ ಹಾಡು ನಿಲ್ಲಿಸಿ, "ಟೀಚರ್, ತೋಳ ತಿಂದಿದ್ದರೆ ಅಂಗಿ ಹರಿದಿರಬೇಕಲ್ಲವೇ?" ಎಂದಳು. ಕುರ್‌ಆನ್‌ನ ಹಳೆಯ ವ್ಯಾಖ್ಯಾನಕಾರರು ಹೇಳಿರುವುದೂ ಇದನ್ನೇ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ಅಂಗಿಯನ್ನು ಹರಿಯದೆ ಹಾಗೆಯೇ ಇಟ್ಟಿದ್ದೇವೆ.

ಮಗು ಇದರಲ್ಲಿ ಸೇರುವುದು ಬೇಡವೆಂದು ನಿಮಗೆ ಅನಿಸಿದರೆ ಒಂದು ಚೀಟಿ ಕಳಿಸಿದರೆ ಸಾಕು, ಕಾರಣ ಕೇಳುವುದಿಲ್ಲ. ಶನಿವಾರ ಮಧ್ಯಾಹ್ನದ ತಾಲೀಮಿಗೆ ಯಾರು ಬೇಕಾದರೂ ಬಂದು ಕುಳಿತು ನೋಡಬಹುದು. ತಪ್ಪು ಕಂಡರೆ ಅಲ್ಲಿಯೇ ಹೇಳಿ, ತಿದ್ದಿಕೊಳ್ಳುತ್ತೇವೆ. ಮನೆಯಲ್ಲಿ ಅಜ್ಜ, ಅಜ್ಜಿ, ದಾದಿ, ನಾನಿ ಯಾರಿಗಾದರೂ ಈ ಕಥೆ ಗೊತ್ತಿದ್ದರೆ ಅವರನ್ನೂ ಕರೆತನ್ನಿ. ದೊಡ್ಡವರ ಅಳತೆಯ ಹಳೆಯ ಬಿಳಿ ಅಂಗಿ ಇನ್ನೂ ಎರಡು ಬೇಕಾಗಿವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ