ಕಾನೂನು ಕೇಳದ ಬಾಗಿಲನ್ನೂ ಮುಚ್ಚೋದ್ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು, ಇಂಥ ದೇಶ, ಇಂಥ ವ್ಯಕ್ತಿಗಳ ಜೊತೆ ವಹಿವಾಟು ಕೂಡದು ಅನ್ನುವ ನಿರ್ಬಂಧದ ಕಾನೂನು ಇದೆ ಅಂದಮೇಲೆ ಕಂಪನಿಗಳು ಅಂಥ ಗ್ರಾಹಕರ ಖಾತೆ ಮುಚ್ಚದೆ ಇನ್ನೇನು ಮಾಡಬೇಕು ಎಂದು ಕೇಳಿದ್ದರು. ನನ್ನ ಕೆಲಸವೇ ಅದು. ಗ್ರಾಹಕರ ಹೆಸರನ್ನು ನಿರ್ಬಂಧದ ಪಟ್ಟಿಯ ಜೊತೆ ತಾಳೆ ನೋಡೋದು, ಅನುಮಾನ ಬಂದರೆ ತಡೆಹಿಡಿಯೋದು. ಕಾನೂನು ಪಾಲಿಸಲೇಬೇಕು, ಒಪ್ಪಿದೆ. ಆದರೆ ನಾವು ಮುಚ್ಚುವ ಎಷ್ಟೋ ಖಾತೆಗಳನ್ನು ಮುಚ್ಚಿ ಅಂತ ಯಾವ ಕಾನೂನೂ ಹೇಳಿರುವುದಿಲ್ಲ.

ಹೆದರಿಕೆಗೆ ಕಾರಣ ಇದೆ. ಅಮೆರಿಕದ ನಿರ್ಬಂಧಗಳನ್ನು ಜಾರಿ ಮಾಡುವ ಓಫ್ಯಾಕ್ ಕಚೇರಿ, ಗೊತ್ತಿಲ್ಲದೆ ತಪ್ಪಿದರೂ ದಂಡ ಹಾಕಬಹುದು. ಸೂಡಾನ್, ಇರಾನ್, ಕ್ಯೂಬಾ ಕಡೆಯ ವಹಿವಾಟನ್ನು ಮರೆಮಾಚಿ ನಡೆಸಿದ್ದಕ್ಕೆ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು 2014ರಲ್ಲಿ ಸುಮಾರು 890 ಕೋಟಿ ಡಾಲರ್ ತೆರಬೇಕಾಯಿತು. ಪಟ್ಟಿಯಲ್ಲಿ ಹೆಸರೇ ಇಲ್ಲದ ಕಂಪನಿಯಾದರೂ ಅರ್ಧ ಪಾಲು ಪಟ್ಟಿಯಲ್ಲಿರುವವರ ಕೈಲಿದ್ದರೆ ಅದೂ ನಿಷಿದ್ಧವೇ. ಇಷ್ಟೆಲ್ಲ ಹುಡುಕುವ ತಲೆನೋವು ಯಾಕೆ ಅಂತ ನೆಗಡಿ ಬಂದರೆ ಮೂಗೇ ಕೊಯ್ದುಬಿಡುತ್ತಾರೆ. ಕೊಯ್ಯೋದು ತಮ್ಮ ಮೂಗಲ್ಲ ಬಿಡಿ, ಗ್ರಾಹಕನದು.

2018ರ ಡಿಸೆಂಬರ್‌ನಲ್ಲಿ, ಕಚೇರಿ ಕೆಲಸದ ಚಾಟ್ ಆ್ಯಪ್ ನಡೆಸುವ ಅಮೆರಿಕದ ಸ್ಲ್ಯಾಕ್ ಕಂಪನಿ ಇದನ್ನೇ ಮಾಡಿತು. ಯಾವತ್ತೋ ಇರಾನ್‌ಗೆ ಹೋಗಿದ್ದಾಗ ಅಲ್ಲಿಂದ ಲಾಗಿನ್ ಆಗಿದ್ದವರ ಖಾತೆಗಳೂ ಬಂದ್ ಆದವು, ಅವರಲ್ಲಿ ಬೇರೆ ದೇಶಗಳಲ್ಲಿ ನೆಲೆಸಿದವರೂ ಇದ್ದರು. ಆಮೇಲೆ ಕಂಪನಿ ಕ್ಷಮೆ ಕೇಳಿತು. ಅದಕ್ಕೂ ಮೊದಲಿನ ಕತೆ ಇನ್ನೂ ವಿಚಿತ್ರ. 2011ರಲ್ಲಿ ಅಮೆರಿಕದ ಒಬ್ಬರು ಹೆಂಡತಿ, ಮಾವನ ಜೊತೆ ಕಾರು ಕೊಳ್ಳಲು ಹೋದರೆ, ಜನರ ಸಾಲದ ಇತಿಹಾಸದ ವರದಿ ಕೊಡುವ ಟ್ರಾನ್ಸ್‌ಯೂನಿಯನ್ ಕಂಪನಿಯ ವರದಿಯಲ್ಲಿ ಅವರ ಹೆಸರು ಓಫ್ಯಾಕ್ ಪಟ್ಟಿಗೆ ಹೊಂದುತ್ತದೆ ಅಂತ ಇತ್ತು. ಕಾರು ಹೆಂಡತಿಯ ಹೆಸರಲ್ಲಿ ಕೊಳ್ಳಬೇಕಾಯಿತು. ಕಂಪನಿ ನೋಡಿದ್ದು ಹೆಸರು ಮತ್ತು ಮನೆತನದ ಹೆಸರು, ಅಷ್ಟೇ! ಹುಟ್ಟಿದ ದಿನಾಂಕ ನೋಡುವಷ್ಟು ತಾಳ್ಮೆ ಇರಲಿಲ್ಲ. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ವರದಿಯಲ್ಲಿ ಇಂಥದ್ದೇ ಎಚ್ಚರಿಕೆ ಇದ್ದು ಆ ಕೇಸಿನಲ್ಲಿ ಸೇರಿದ್ದವರು ಒಟ್ಟು 8,185 ಜನ.

ಇನ್ನು ಕಾನೂನೇ ತೆರೆದಿಟ್ಟ ಬಾಗಿಲುಗಳಿವೆ. ಇರಾನ್‌ನ ಸಾಮಾನ್ಯ ಜನ ಚಾಟ್, ಈಮೇಲ್ ಬಳಸಲು ಓಫ್ಯಾಕ್‌ನ ಸಾಮಾನ್ಯ ಪರವಾನಗಿಯೇ (ಅಂದರೆ ಯಾರೂ ಅರ್ಜಿ ಹಾಕದೆಯೇ ಎಲ್ಲರಿಗೂ ಸಿಗುವ ಅನುಮತಿ) ಇದೆ, 2022ರಲ್ಲಿ ಅದನ್ನು ಮತ್ತಷ್ಟು ಹಿಗ್ಗಿಸಿದರು. ಅದು ಸಾಲದಿದ್ದರೆ ಪ್ರತ್ಯೇಕ ಪರವಾನಗಿ ಕೇಳಿ ಪಡೆಯಬಹುದು. 2019ರಲ್ಲಿ ಇರಾನ್, ಸಿರಿಯಾ, ಕ್ರೈಮಿಯಾದ ಪ್ರೋಗ್ರಾಮರ್‌ಗಳಿಗೆ ತಡೆ ಹಾಕಿದ್ದ, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್, ಓಫ್ಯಾಕ್ ಹತ್ತಿರ ಹೋಗಿ ಕೂತು, 2021ರ ಜನವರಿಯಲ್ಲಿ ಇರಾನ್‌ನವರ ಮಟ್ಟಿಗೆ ಪರವಾನಗಿ ತಂದಿತು. ಆಗಲ್ಲ ಅನ್ನುವವರು ಎಷ್ಟು ಜನ ಕೇಳಿ ನೋಡಿದ್ದಾರೆ?

ನಾನೂ ಸಾಚಾ ಅಲ್ಲ. ಟೆಹ್ರಾನ್‌ನಲ್ಲಿ ಹುಟ್ಟಿ ಬೇರೆಲ್ಲೋ ಓದುತ್ತಿದ್ದ ಹುಡುಗನೊಬ್ಬನ ಖಾತೆಯನ್ನು ಬರೀ ಹುಟ್ಟಿದ ಊರು ನೋಡಿ ತಡೆಹಿಡಿದಿದ್ದೆ. ಮೂರು ಸಲ ಮೇಲ್ ಬರೆದು ಕಾರಣ ಕೇಳಿದ. ಮೂರು ಸಲವೂ 'ನಮ್ಮ ನೀತಿಯ ಪ್ರಕಾರ' ಅಂತ ಶುರುವಾಗುವ ಅದೇ ಸಿದ್ಧ ಉತ್ತರ ಕಳಿಸಿದೆ, ಯಾಕಂದರೆ ಬೇರೆ ಉತ್ತರ ಕೊಡುವ ಅಧಿಕಾರ ನನಗಿರಲಿಲ್ಲ. ತಪ್ಪಾಗಿ ತಡೆದರೆ ನಮ್ಮಲ್ಲಿ ಯಾರೂ ಕೇಳೋದಿಲ್ಲ, ತಪ್ಪಾಗಿ ಬಿಟ್ಟರೆ ಕೆಲಸ ಹೋಗುತ್ತದೆ. ಹಾಗಿದ್ದ ಮೇಲೆ ಯಾರು ಬಿಡುತ್ತಾರೆ, ಅಲ್ವಾ?

ಖಾತೆ ತಡೆದರೆ ಯಾವ ನಿಯಮದಡಿ ಅಂತ ಬರೆದು ತಿಳಿಸಲಿ, ದೂರು ಕೊಟ್ಟರೆ ಯಂತ್ರ ಅಲ್ಲ, ಒಬ್ಬ ಮನುಷ್ಯ ಇಂತಿಷ್ಟು ದಿನದಲ್ಲಿ ನೋಡಲಿ. ಇದನ್ನು ಕಂಪನಿಗಳ ಇಷ್ಟಕ್ಕೆ ಬಿಡದೆ ಕಾನೂನಿನಲ್ಲೇ ಸೇರಿಸಬೇಕು.

ದಯವಿಟ್ಟು ಹೆಸರು ಹಾಕಬೇಡಿ, ನಾನಿನ್ನೂ ಅದೇ ಕೆಲಸದಲ್ಲಿದ್ದೇನೆ.

ಇಂತಿ,
ನಿಮ್ಮ ಓದುಗ