ಮಾಂಟ್ಸೆರಾಟನ್ನು ಮರೆಯದಿರೋಣ

ಮಾನ್ಯ ಸಂಪಾದಕರೇ,

ಕೆರಿಬಿಯನ್ ಎಂದೊಡನೆ ಕಡಲತೀರ ಮತ್ತು ಕ್ರಿಕೆಟ್ಟಿನ ಬಗ್ಗೆಯಷ್ಟೇ ಬರೆಯುವ ನಮ್ಮ ಪತ್ರಿಕೆಗಳು, ಬ್ರಿಟನ್ನಿನ ಅಧೀನದಲ್ಲಿರುವ ಮಾಂಟ್ಸೆರಾಟ್ ಎಂಬ ಪುಟ್ಟ ದ್ವೀಪದತ್ತಲೂ ಗಮನ ಹರಿಸಬೇಕೆಂದು ಕೋರುತ್ತೇನೆ.

ಸುಮಾರು 102 ಚದರ ಕಿಲೋಮೀಟರ್ ವಿಸ್ತೀರ್ಣದ ಈ ದ್ವೀಪದಲ್ಲಿ 1995ರ ಜುಲೈನಲ್ಲಿ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ ಸಿಡಿಯಿತು. 1997ರ ಜೂನ್ 25ರಂದು ಹತ್ತೊಂಬತ್ತು ಮಂದಿ ಸತ್ತರು. ರಾಜಧಾನಿ ಪ್ಲಿಮತ್ ಬೂದಿ, ಕೆಸರಿನಡಿ ಹೂತುಹೋಗಿ, ಇಂದಿಗೂ ಅಲ್ಲಿ ಹಲವು ಕಟ್ಟಡಗಳ ಮೇಲಂತಸ್ತು ಮಾತ್ರ ನೆಲದಿಂದ ಇಣುಕುತ್ತಿದೆ. ಹೆಚ್ಚುಕಡಿಮೆ ಅರ್ಧ ದ್ವೀಪ ಜನರಿಗೆ ನಿಷಿದ್ಧ. ಹಿಂದೆ ಹತ್ತು ಸಾವಿರ ಮೀರಿದ್ದ ಜನಸಂಖ್ಯೆ ಈಗ ಐದು ಸಾವಿರದ ಒಳಗಿದೆ. ಹೆಚ್ಚಿನವರು ಸಕ್ಕರೆ ತೋಟಗಳಿಗೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಂಶಸ್ಥರು. 1768ರ ಮಾರ್ಚ್ 17ರಂದು ಆ ಗುಲಾಮರು ಬಂಡೇಳಲು ಯತ್ನಿಸಿ ವಿಫಲರಾದ ದಿನವನ್ನು ದ್ವೀಪವು ಸಾರ್ವಜನಿಕ ರಜೆಯಾಗಿ ನೆನೆಯುತ್ತದೆ. ಇದು ನನಗೆ ಬಹಳ ಗೌರವದ ಸಂಗತಿಯಾಗಿ ತೋರುತ್ತದೆ.

ಆಡಳಿತವು ಉತ್ತರದ ಬ್ರೇಡ್ಸ್‌ನಿಂದ ನಡೆಯುತ್ತದೆ. ಜನರು ಆರಿಸಿದ ಒಂಬತ್ತು ಸದಸ್ಯರ ಶಾಸನಸಭೆಯೂ ಪ್ರೀಮಿಯರ್ ಹುದ್ದೆಯೂ ಇವೆಯಾದರೂ, ರಕ್ಷಣೆ ಮತ್ತು ವಿದೇಶಾಂಗ ವ್ಯವಹಾರ ಬ್ರಿಟನ್ ನೇಮಿಸುವ ಗವರ್ನರ್ ಕೈಯಲ್ಲಿವೆ. ಚಲಾವಣೆಯಲ್ಲಿರುವ ಪೂರ್ವ ಕೆರಿಬಿಯನ್ ಡಾಲರ್‌ನ ಮೌಲ್ಯ ಒಂದು ಅಮೆರಿಕನ್ ಡಾಲರಿಗೆ 2.70ರಂತೆ ನಿಗದಿಯಾಗಿದೆ. ಖಜಾನೆ ಬಹುಪಾಲು ಬ್ರಿಟಿಷ್ ನೆರವನ್ನೇ ನೆಚ್ಚಿಕೊಂಡಿದೆ. ಆದರೆ ಅದನ್ನು ದಾನವೆಂದು ಕರೆಯುವುದು ಅನ್ಯಾಯ, ಏಕೆಂದರೆ ಬಂದರು, ವಿಮಾನ ನಿಲ್ದಾಣ, ಆಸ್ಪತ್ರೆ ಎಲ್ಲವನ್ನೂ ಕಳೆದುಕೊಂಡ ಈ ಜನ, ಊರನ್ನು ಹೂತ ಜ್ವಾಲಾಮುಖಿಯ ಮರಳನ್ನೇ ಅಗೆದು ನೆರೆಯ ದ್ವೀಪಗಳಿಗೆ ಹಡಗಿನಲ್ಲಿ ಮಾರುತ್ತಿದ್ದಾರೆ.

ಇತಿ,
ಓರ್ವ ಓದುಗ